ತೋಟಾ ತುಂಬುವ ಕೆಲಸ: ಮುತ್ಯಾನ ಕೈ ಮೇಲೋ, ತಮ್ಮನ ಯಂತ್ರ ಮೇಲೋ?

ಪ್ರಶ್ನೆ: ನಮ್ಮದು ಆಳಂದ ತಾಲ್ಲೂಕಿನ ಹಳ್ಳಿ. ಮುತ್ಯಾನ ಕಾಲದ ಹನ್ನೆರಡು ಬೋರಿನ ಜೋಡುನಳಿಗೆ ಬಂದೂಕು ಈಗ ಅಪ್ಪನ ಲೈಸೆನ್ಸಿನಲ್ಲಿದೆ. ದೀಪಾವಳಿಗೆ ಮನೆ ಸ್ವಚ್ಛ ಮಾಡುವಾಗ, ಮುತ್ಯಾ ಖಾಲಿ ತೋಟಾಗಳಿಗೆ ಮತ್ತೆ ಮದ್ದು ತುಂಬಲು ಇಟ್ಟುಕೊಂಡಿದ್ದ ಪೆಟ್ಟಿಗೆ ಸಿಕ್ಕಿತು. ಫೋಟೋ ಕಳಿಸಿದ್ದೇನೆ. ನನ್ನ ತಮ್ಮ ಟೆಕ್ಸಾಸಿನಲ್ಲಿದ್ದಾನೆ, ಈಗ ಅಲ್ಲಿನ ಪ್ರಜೆ. ವಾರಾಂತ್ಯದಲ್ಲಿ ಕ್ಲಬ್ಬಿಗೆ ಹೋಗಿ ಹಾರುವ ಮಣ್ಣಿನ ಬಿಲ್ಲೆಗೆ ಬಂದೂಕಿನಿಂದಲೂ, ಕಾಗದದ ಗುರಿಗೆ ಪಿಸ್ತೂಲಿನಿಂದಲೂ ಹೊಡೆಯುತ್ತಾನೆ. ಅಲ್ಲಿ ತೋಟಾ ತಾವೇ ತುಂಬಿಕೊಳ್ಳುವವರು ಬಹಳ ಜನ ಇದ್ದಾರಂತೆ. ಗಂಟೆಗೆ ನಾನೂರು ತುಂಬುವ ಯಂತ್ರ ಕೊಳ್ಳಲು ಹೊರಟಿದ್ದಾನೆ. ಅಪ್ಪ ಮಾತ್ರ, 'ಮುತ್ಯಾ ಕೈಯಿಂದ ತುಂಬಿದ್ದು ಒಂದೂ ಹುಸಿ ಹೋಗಲಿಲ್ಲ, ಯಂತ್ರದ್ದನ್ನು ನಂಬಬೇಡ' ಎನ್ನುತ್ತಾರೆ. ಯಾರ ಮಾತು ಸರಿ? ಈ ಪೆಟ್ಟಿಗೆಯನ್ನು ನಾವು ಮತ್ತೆ ಬಳಸಬಹುದೇ?

ಉತ್ತರ: ಫೋಟೋ ತೆರೆದ ಕೂಡಲೇ ನನ್ನ ಕಣ್ಣು ಹೋದದ್ದು ಪೆಟ್ಟಿಗೆಯ ಎಡಮೂಲೆಯ ಮದ್ದಿನ ತಗಡಿನ ಡಬ್ಬಿಗೆ, ಆಮೇಲೆ ಅದರ ಬೆನ್ನಿಗೇ ಕಾಣುವ ಇನ್ವರ್ಟರ್ ಬ್ಯಾಟರಿಗೆ. ಮಿಕ್ಕ ಮಾತೆಲ್ಲ ಆಮೇಲೆ. ಮದ್ದಿಗೆ ಒಂದು ಕಿಡಿ ಸಾಕು, ಆ ಬ್ಯಾಟರಿಯನ್ನು ಇವತ್ತೇ ಬೇರೆ ಕೋಣೆಗೆ ಸಾಗಿಸಿ. ಡಬ್ಬಿಯನ್ನು ಎತ್ತಬೇಡಿ, ಅಲುಗಾಡಿಸಬೇಡಿ, ತುಕ್ಕು ಹಿಡಿದ ಮುಚ್ಚಳವನ್ನು ಚಾಕುವಿನಿಂದ ಎಬ್ಬಿಸಲು ಹೋಗಬೇಡಿ. ಹಳೆಯ ಕಾಲದ ಹೊಗೆಯ ಮದ್ದಾದ ಕರಿಮದ್ದು ಒಣಗಿದ್ದಷ್ಟು ದಿನವೂ ಜೀವಂತವಾಗಿರುತ್ತದೆ. ಅದಕ್ಕೆ ಐವತ್ತು ವರ್ಷವೆಂದರೆ ನಿನ್ನೆ ಮೊನ್ನೆಯ ಲೆಕ್ಕ. ಡಬ್ಬಿಯಲ್ಲಿ ಹಳೆಯ ಕೇಪುಗಳಿದ್ದರಂತೂ ಇನ್ನೂ ಎಚ್ಚರ ಬೇಕು. ಬಂದೂಕಿನ ಮೊಳೆ ಕುಟ್ಟಿದಾಗ ಸಿಡಿಯಲೆಂದೇ ಮಾಡಿದ ವಸ್ತು ಅದು, ಮುಚ್ಚಳದ ತುಕ್ಕಿನ ಕೆರೆತಕ್ಕೂ ಸಿಡಿಯಬಲ್ಲದು. ಅಪ್ಪ ತಮ್ಮ ಲೈಸೆನ್ಸಿನ ಪುಸ್ತಕ ತೆಗೆದುಕೊಂಡು ನಿಮ್ಮ ಪೊಲೀಸ್ ಠಾಣೆಗೆ ಹೋಗಿ, ಹೀಗೆ ಸಿಕ್ಕಿದೆ ಎಂದು ಬರೆದುಕೊಡಲಿ. ಕೊಂಡೊಯ್ಯುವ ಹೊಣೆ ಅವರದು. ಅಪ್ಪನೇ ಮೋಟಾರ್ ಸೈಕಲ್ಲಿನ ಮೇಲೆ ಹೇರಿಕೊಂಡು ಹೋಗುವುದು ಬೇಡ.

ಪೆಟ್ಟಿಗೆಯನ್ನು ಮತ್ತೆ ಬಳಸಬಹುದೇ ಎಂಬ ಪ್ರಶ್ನೆಗೆ ಉತ್ತರ, ಬಳಸುವಂತಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಮದ್ದುಗುಂಡು ತಯಾರಿಸಲು ಬೇರೆಯದೇ ಲೈಸೆನ್ಸ್ ಬೇಕು. ಬಂದೂಕು ಇಟ್ಟುಕೊಳ್ಳುವ ಲೈಸೆನ್ಸಿನಲ್ಲಿ ಆ ಹಕ್ಕು ಬರುವುದಿಲ್ಲ. ಬಹಳ ಜನಕ್ಕೆ ತಿಳಿಯದ ಇನ್ನೊಂದು ಸಂಗತಿಯೂ ಇದೆ. ಅದೇ ಕಾಯ್ದೆಯ 2ನೇ ಸೆಕ್ಷನ್‌ನಲ್ಲಿ 'ಮದ್ದುಗುಂಡು' ಎಂಬ ಪದದ ಅರ್ಥ ಹೇಳುವಾಗ ಮದ್ದುಗುಂಡಿನ ಬಿಡಿಭಾಗಗಳನ್ನೂ ಅದನ್ನು ತಯಾರಿಸುವ ಯಂತ್ರಗಳನ್ನೂ ಸೇರಿಸಿದ್ದಾರೆ. ಆದ್ದರಿಂದ ಖಾಲಿ ಉಪಕರಣ ತಾನೇ ಎಂದು ಸುಮ್ಮನಿರದೆ, ಠಾಣೆಯಲ್ಲಿ ಕೊಡುವ ಪತ್ರದಲ್ಲಿ ಅವನ್ನೂ ಪಟ್ಟಿ ಮಾಡಿ. ತಮ್ಮ ಊರಿಗೆ ಬರುವಾಗ ಆ ಯಂತ್ರದ ಒಂದು ಡೈಯನ್ನಾಗಲಿ (ತೋಟಾವನ್ನು ಒತ್ತಿ ಅಳತೆಗೆ ತರುವ ಅಚ್ಚು), ನೆನಪಿಗೆಂದು ಒಂದು ತೋಟಾವನ್ನಾಗಲಿ ಬ್ಯಾಗಿನಲ್ಲಿ ಹಾಕಿಕೊಳ್ಳದಿರಲಿ. ಕ್ಲಬ್ಬಿಗೆ ಒಯ್ಯುವ ಬ್ಯಾಗನ್ನೇ ಪ್ರಯಾಣಕ್ಕೆ ತಂದು, ಹೊಲಿಗೆಯ ಸಂದಿಯಲ್ಲಿ ಉಳಿದಿದ್ದ ಒಂದೇ ಒಂದು ಗುಂಡಿನಿಂದ ವಿಮಾನ ನಿಲ್ದಾಣದಲ್ಲಿ ಕೇಸು ಮೈಮೇಲೆ ಎಳೆದುಕೊಂಡವರು ನಮ್ಮ ದೇಶದಲ್ಲಿ ಕಡಿಮೆಯಿಲ್ಲ. ಅಮೆರಿಕದಲ್ಲಿ ತನ್ನ ಬಳಕೆಗಾಗಿ ತುಂಬಿಕೊಳ್ಳಲು ಅಲ್ಲಿನ ಕೇಂದ್ರ ಸರ್ಕಾರದ ಲೈಸೆನ್ಸ್ ಬೇಕಿಲ್ಲ. ಮಾರಾಟಕ್ಕೆ ತುಂಬಿದರೆ ಬೇಕು. ಅವನು ಅಲ್ಲಿ ಮಾಡುವುದು ಅಲ್ಲಿಯ ಕಾನೂನಿಗೆ ಸರಿ, ನೀವು ಇಲ್ಲಿ ಅದನ್ನೇ ಮಾಡಿದರೆ ಜೈಲು.

ಈಗ ಮುತ್ಯಾನ ಪೆಟ್ಟಿಗೆಗೆ ಬರೋಣ. ಅದನ್ನು ನೋಡಿ ನನಗೆ ನನ್ನ ಹದಿನೆಂಟನೆಯ ವಯಸ್ಸು ನೆನಪಾಯಿತು. ಪೊಲೀಸ್ ಇಲಾಖೆಯ ಶಸ್ತ್ರಾಗಾರಕ್ಕೆ ಸೇರುವ ಮುನ್ನ ಕಲಬುರಗಿಯಲ್ಲಿ ಲೈಸೆನ್ಸ್ ಹೊಂದಿದ್ದ ಒಬ್ಬ ಉಸ್ತಾದರ ಬಂದೂಕು ದುರಸ್ತಿ ಅಂಗಡಿಯಲ್ಲಿ ಮೂರು ವರ್ಷ ಕೈಯಾಳಾಗಿದ್ದೆ. ಅವರ ಹತ್ತಿರವೂ ಇಂಥದೇ ಪೆಟ್ಟಿಗೆ ಇತ್ತು. ನಿಮ್ಮ ಫೋಟೋದಲ್ಲಿ ಮೇಜಿನ ಅಂಚಿಗೆ ತಿರುಪು ಹಾಕಿ ಕೂರಿಸುವ, ಪಕ್ಕದಲ್ಲಿ ಪುಟ್ಟ ಹಿಡಿಕೆ ಇರುವ ಹಿತ್ತಾಳೆಯ ಸಾಧನ ಇದೆಯಲ್ಲ, ಅದು ಬಾಯಿ ಮಡಿಸುವ ಗಿರಣಿ. ಕಾಗದದ ತೋಟಾದೊಳಗೆ ಮದ್ದು, ಅದರ ಮೇಲೆ ರಟ್ಟು, ಉಣ್ಣೆಯ ದಪ್ಪ ಬಿಲ್ಲೆ, ಸೀಸದ ಛರ್ರೆ (ಸಣ್ಣ ಗುಂಡುಗಳು), ಕೊನೆಗೆ ತೆಳ್ಳನೆಯ ಮುಚ್ಚಳದ ರಟ್ಟು, ಇಷ್ಟನ್ನು ತುಂಬಿದ ಮೇಲೆ ತೋಟಾವನ್ನು ಅದರ ಬಾಯಿಗೆ ಕೊಟ್ಟು ಹಿಡಿಕೆ ತಿರುಗಿಸಬೇಕು. ಒಳಗಿನ ಎರಡು ಮೊಳೆಗಳು ಕಾಗದದ ಅಂಚನ್ನು ಒಳಮುಖವಾಗಿ ಸುರುಳಿ ಸುತ್ತುತ್ತವೆ. ಮೊದಲ ಎರಡು ಸುತ್ತಿಗೆ ಏನೂ ಆಗದು. ಮೂರನೆಯ ಸುತ್ತಿಗೆ ಅಂಚು ಬಿಸಿಯಾಗಿ ಮೆತ್ತಗಾಗುತ್ತದೆ, ಕಾಗದದ ಮೇಣದ ವಾಸನೆ ಮೂಗಿಗೆ ಬರುತ್ತದೆ, ಕೈಗೆ ಸಣ್ಣದೊಂದು ಸಡಿಲಿಕೆ ತಿಳಿಯುತ್ತದೆ. ಅಲ್ಲಿ ನಿಲ್ಲಿಸಬೇಕು. ಇನ್ನೊಂದು ಸುತ್ತು ಹೆಚ್ಚಾದರೆ ಕೊಳವೆಯ ಸೊಂಟ ಉಬ್ಬುತ್ತದೆ, ಬಂದೂಕಿನ ಕೋಣೆಯೊಳಗೆ ಇಳಿಯುವುದಿಲ್ಲ. ಇಂಥ ಸಾಧನಗಳನ್ನು ಇಂಗ್ಲೆಂಡಿನ ಶೆಫೀಲ್ಡ್ ನಗರದಲ್ಲಿ ಜೇಮ್ಸ್ ಡಿಕ್ಸನ್, ಹಾಕ್ಸ್ಲಿ ಮೊದಲಾದ ಕಂಪನಿಗಳು ಮಾಡುತ್ತಿದ್ದವು. ನಿಮ್ಮದರ ಅಡಿಯಲ್ಲಿ ಹೆಸರು ಕೆತ್ತಿದೆಯೇ ನೋಡಿ.

ಆ ಡಬ್ಬಿ ಬಿಟ್ಟರೆ ಪೆಟ್ಟಿಗೆಯಲ್ಲಿ ಎಲ್ಲಕ್ಕಿಂತ ಅಪಾಯದ ವಸ್ತು ಯಾವುದೆಂದರೆ ನೋಡಲು ಎಲ್ಲಕ್ಕಿಂತ ಸಾಧುವಾಗಿ ಕಾಣುವ ಆ ಹಿತ್ತಾಳೆಯ ಅಳತೆ ಚಮಚ. ಅದರ ಹಿಡಿಯ ಮೇಲಿನ ಗೆರೆಗಳು ಡ್ರಾಮ್ ಎಂಬ ಹಳೆಯ ಇಂಗ್ಲಿಷ್ ತೂಕದ ಲೆಕ್ಕದವು, ಕರಿಮದ್ದಿಗೆ ಮಾಡಿದವು. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೆ ಹೊಗೆಯಿಲ್ಲದ ಮದ್ದನ್ನು ತಯಾರಿಸಿದ ಮೇಲೆ ಬಂದೂಕಿನ ಲೋಕವೇ ಬದಲಾಯಿತು. ಈಗಿನ ಮದ್ದು ಅಷ್ಟೇ ತೂಕದ ಕರಿಮದ್ದಿಗಿಂತ ಎಷ್ಟೋ ಪಟ್ಟು ಬಲಶಾಲಿ. ಆ ಚಮಚದ ತುಂಬ ಕರಿಮದ್ದು ಹಾಕಿದರೆ ಅದು ಹದವಾದ ತೋಟಾ. ಅದೇ ಚಮಚದ ತುಂಬ ಈಗಿನ ಮದ್ದು ಹಾಕಿದರೆ ನಳಿಗೆ ಒಡೆದು ಎಡಗೈ ಹೋಗುತ್ತದೆ. ಅಮೆರಿಕದ ತೋಟಾ ಪೆಟ್ಟಿಗೆಗಳ ಮೇಲೆ ಇಂದಿಗೂ 'ಇಷ್ಟು ಡ್ರಾಮ್‌ಗೆ ಸಮ' ಎಂದು ಮುದ್ರಿಸುತ್ತಾರೆ. ಇಷ್ಟು ಕರಿಮದ್ದು ಕೊಡುತ್ತಿದ್ದ ವೇಗವನ್ನು ಇದು ಕೊಡುತ್ತದೆ ಎಂಬುದು ಅದರ ಅರ್ಥ, ಒಳಗೆ ಅಷ್ಟು ಡ್ರಾಮ್ ಮದ್ದಿದೆ ಎಂದಲ್ಲ. ತಮ್ಮ ಅಭಿಮಾನದಿಂದ ಮುತ್ಯಾನ ಚಮಚ ಕಳಿಸಿ ಎಂದು ಕೇಳಿದರೆ ಖಂಡಿತ ಕೊಡಬೇಡಿ.

ಇನ್ನು ಕೈಯೋ ಯಂತ್ರವೋ ಎಂಬ ಮಾತು. ನಿಮ್ಮ ಅಪ್ಪ ಮತ್ತು ತಮ್ಮ ಇಬ್ಬರೂ ಒಂದು ತಪ್ಪು ಮಾಡುತ್ತಿದ್ದಾರೆ. ಅಪ್ಪ ಕೈಯನ್ನು ಹೊಗಳುತ್ತಾರೆ, ತಮ್ಮ ಹಿಡಿಕೆಯನ್ನು. ಇಷ್ಟು ವರ್ಷದಲ್ಲಿ ನಾನು ಕಂಡುಕೊಂಡದ್ದೆಂದರೆ ತೋಟಾ ಸರಿಯಾಗುವುದೂ ಕೆಡುವುದೂ ಕಣ್ಣಿನಿಂದ. ಒಂದು ಸಾಧನ ಒಳ್ಳೆಯದೋ ಕೆಟ್ಟದ್ದೋ ಎಂದು ತಿಳಿಯಲು ನಾನು ಕೇಳುವ ಪ್ರಶ್ನೆ ಒಂದೇ: ಮದ್ದು ಬಿದ್ದ ಮೇಲೆ, ಬಾಯಿ ಮುಚ್ಚುವ ಮೊದಲು, ಆ ತೋಟಾದೊಳಗೆ ಮನುಷ್ಯ ಎಷ್ಟು ಹೊತ್ತು, ಎಷ್ಟು ಸಲ ನೋಡುತ್ತಾನೆ?

ಕೆಲಸ ಎಲ್ಲ ಕಡೆಯೂ ಅದೇ. ಹೊಡೆದ ತೋಟಾದ ಹಿತ್ತಾಳೆಯ ಕೋಶ (ಖಾಲಿ ಹೊರಕವಚ) ಉಬ್ಬಿರುತ್ತದೆ, ಅದನ್ನು ಡೈಯೊಳಗೆ ಒತ್ತಿ ಮೊದಲಿನ ಅಳತೆಗೆ ತರಬೇಕು. ಸುಟ್ಟ ಕೇಪನ್ನು ಹೊರದಬ್ಬಿ ಹೊಸದನ್ನು ಕೂರಿಸಬೇಕು. ಮದ್ದು ಹಾಕಬೇಕು, ಗುಂಡು ಕೂರಿಸಬೇಕು, ಬಾಯಿ ಬಿಗಿಯಬೇಕು. ಇದನ್ನೆಲ್ಲ ಹಿಡಿಕೆ ಎಳೆದು ಒತ್ತುವ ಯಂತ್ರಕ್ಕೆ ಪ್ರೆಸ್ ಎನ್ನುತ್ತಾರೆ. ಸಿಂಗಲ್ ಸ್ಟೇಜ್ ಪ್ರೆಸ್‌ನಲ್ಲಿ ಒಮ್ಮೆಗೆ ಒಂದೇ ಡೈ ಇರುತ್ತದೆ. ಆರ್‌ಸಿಬಿಎಸ್ ಕಂಪನಿಯ ರಾಕ್ ಚಕರ್ ಈ ಜಾತಿಯದು. ಐವತ್ತು ಕೋಶಗಳನ್ನು ಮೊದಲು ಒತ್ತಿ ಮುಗಿಸುತ್ತೀರಿ, ಆಮೇಲೆ ಐವತ್ತಕ್ಕೂ ಕೇಪು, ಆಮೇಲೆ ಐವತ್ತಕ್ಕೂ ಮದ್ದು. ಹೀಗೆ ಗಂಟೆಗೆ ಐವತ್ತರಿಂದ ನೂರು ಆಗಬಹುದು. ಇದಕ್ಕಿಂತ ಸರಳವಾದದ್ದೂ ಇದೆ. ಅಂಗೈಯಗಲದ ಡಬ್ಬಿಯಲ್ಲಿ ಬರುವ ಲೀ ಲೋಡರ್‌ಗೆ ಪ್ರೆಸ್ಸೇ ಬೇಡ, ಸುತ್ತಿಗೆಯಿಂದ ಕುಟ್ಟಿದರೆ ಸಾಕು. ಮುತ್ಯಾನ ಪೆಟ್ಟಿಗೆಗೆ ಹತ್ತಿರದ ನಂಟ ಅದೇ. ಪ್ರೋಗ್ರೆಸಿವ್ ಪ್ರೆಸ್‌ನಲ್ಲಿ ದುಂಡನೆಯ ತಟ್ಟೆಯ ಮೇಲೆ ನಾಲ್ಕೈದು ಕೋಶಗಳು ಒಟ್ಟಿಗೆ ನಿಂತಿರುತ್ತವೆ. ಒಂದು ಸಲ ಹಿಡಿಕೆ ಎಳೆದರೆ ಒಂದರ ಕೇಪು ಬಿಚ್ಚುತ್ತದೆ, ಪಕ್ಕದ್ದಕ್ಕೆ ಮದ್ದು ಬೀಳುತ್ತದೆ, ಮತ್ತೊಂದಕ್ಕೆ ಗುಂಡು ಕೂರುತ್ತದೆ, ಕೊನೆಯದು ತಯಾರಾಗಿ ಡಬ್ಬಿಗೆ ಉರುಳುತ್ತದೆ. ನಮ್ಮ ಖಾನಾವಳಿಯಲ್ಲಿ ಒಬ್ಬರು ಹಿಟ್ಟು ನಾದಿ, ಒಬ್ಬರು ತಟ್ಟಿ, ಒಬ್ಬರು ಹಂಚಿನ ಮೇಲೆ ತಿರುವಿಹಾಕುವಾಗ ರೊಟ್ಟಿಯ ಮೇಲೆ ರೊಟ್ಟಿ ಬರುತ್ತದಲ್ಲ, ಹಾಗೆಯೇ. ಗಂಟೆಗೆ ನಾನೂರು ಎಂದು ತಮ್ಮ ಹೇಳಿದ್ದು ಸುಳ್ಳಲ್ಲ.

ಕೈಯಿಂದ ತುಂಬಿದ್ದು ಹೆಚ್ಚು ನಿಖರ ಎಂಬ ನಂಬಿಕೆ ಎಲ್ಲ ಕಡೆ ಇದೆ. ಅದರಲ್ಲಿ ಅರ್ಧ ನಿಜ. ಮದ್ದನ್ನು ತೂಗುವುದು ಗ್ರೇನ್ ಲೆಕ್ಕದಲ್ಲಿ. ಏಳು ಸಾವಿರ ಗ್ರೇನ್ ಸೇರಿದರೆ ಒಂದು ಪೌಂಡ್. ಒಳ್ಳೆಯ ತಕ್ಕಡಿ ಒಂದು ಗ್ರೇನಿನ ಹತ್ತನೇ ಒಂದು ಪಾಲನ್ನು ತೋರಿಸುತ್ತದೆ. ನಮ್ಮ ಸರಾಫ ಬಜಾರಿನ ಭಾಷೆಯಲ್ಲಿ ಹೇಳಿದರೆ ಒಂದು ಗುಲಗಂಜಿಯನ್ನು ಹತ್ತೊಂಬತ್ತು ಪಾಲು ಮಾಡಿ ಅದರಲ್ಲೊಂದು ಪಾಲು. ಯಂತ್ರಕ್ಕೆ ತೂಕ ಗೊತ್ತಿಲ್ಲ, ಅದು ಸೇರಿನಿಂದ ಅಳೆದ ಹಾಗೆ ಗಾತ್ರದಿಂದ ಅಳೆಯುತ್ತದೆ. ಇಲ್ಲಿ ಮದ್ದಿನ ಗುಣವೇ ತೀರ್ಪು ಕೊಡುತ್ತದೆ. ದುಂಡು ಕಾಳಿನ ಮದ್ದು ಸಾಸಿವೆಯಂತೆ, ಯಾವ ಸೇರಿನಲ್ಲಿ ಸುರಿದರೂ ಪ್ರತಿ ಸಲ ಒಂದೇ ಸಮ ಕೂರುತ್ತದೆ. ಕಡ್ಡಿಯಂತೆ ಕತ್ತರಿಸಿದ ರೈಫಲ್ ಮದ್ದು ಮುರಿದ ಶಾವಿಗೆಯಂತೆ. ಒಂದು ಸಲ ಅಡ್ಡ ನಿಂತು ಜಾಗ ಬಿಡುತ್ತದೆ, ಮುಂದಿನ ಸಲ ಒತ್ತಾಗಿ ಕೂರುತ್ತದೆ, ಕೆಲವೊಮ್ಮೆ ಕೊಳವೆಯಲ್ಲಿ ಸೇತುವೆ ಕಟ್ಟಿ ನಿಂತುಬಿಡುತ್ತದೆ. ಸೇತುವೆ ಕಟ್ಟಿದ ಕೋಶಕ್ಕೆ ಮದ್ದು ಕಡಿಮೆ ಬೀಳುತ್ತದೆ, ಅದರ ಮುಂದಿನದಕ್ಕೆ ಹೆಚ್ಚು ಬೀಳುತ್ತದೆ. ಆದ್ದರಿಂದ ದೂರದ ಗುರಿಗೆ ರೈಫಲ್ ತುಂಬುವವರು ಒಂದೊಂದನ್ನೂ ತೂಗುವುದು ಸರಿಯೇ.

ಮಿಕ್ಕ ಅರ್ಧವನ್ನೂ ಕೇಳಿ. ಅಮೆರಿಕದಲ್ಲಿ ಬೆಂಚ್‌ರೆಸ್ಟ್ ಎಂಬ ಸ್ಪರ್ಧೆ ಇದೆ. ರೈಫಲನ್ನು ಮೇಜಿನ ಮೇಲಿಟ್ಟು ನೂರು, ಇನ್ನೂರು ಗಜದಾಚೆ ಐದು ಗುಂಡುಗಳನ್ನು ಹೆಚ್ಚುಕಡಿಮೆ ಒಂದೇ ತೂತಿನಲ್ಲಿ ಕೂರಿಸುವ ಆಟ ಅದು. ಅಷ್ಟು ನಿಖರತೆ ಬೇಡುವ ಆ ಜನ ಮೈದಾನದಲ್ಲೇ, ಎರಡು ಸುತ್ತುಗಳ ನಡುವೆ, ಕೈಯಲ್ಲಿ ಹಿಡಿಯುವ ಡೈ ಮತ್ತು ಪುಟ್ಟ ಪ್ರೆಸ್ಸಿನಿಂದ ತೋಟಾ ತುಂಬಿಕೊಳ್ಳುತ್ತಾರೆ. ಅವರಲ್ಲಿ ಬಹುಪಾಲು ಮಂದಿ ಮದ್ದನ್ನು ತೂಗುವುದಿಲ್ಲ, ಅಳತೆಯ ಕೊಳವೆಯಿಂದಲೇ ಸುರಿಯುತ್ತಾರೆ. ಹಿಡಿಕೆಯನ್ನು ಪ್ರತಿ ಸಲ ಅದೇ ವೇಗದಲ್ಲಿ, ಅದೇ ಪೆಟ್ಟಿನಲ್ಲಿ ಎತ್ತಿ ಇಳಿಸುವ ಅಭ್ಯಾಸ ಅವರ ಮಣಿಕಟ್ಟಿಗೆ ಇಳಿದಿರುತ್ತದೆ. ಮಗಳ ಮನೆಗೆಂದು ಹೋದಾಗ ಅಂಥ ಒಬ್ಬ ಹಿರಿಯರ ಪಕ್ಕ ಒಂದು ಮಧ್ಯಾಹ್ನ ಕುಳಿತು ನೋಡಿದೆ. ಅವರ ಕೈ ನಮ್ಮ ಅಡತಿಯ ಹಮಾಲರು ತೊಗರಿ ಅಳೆಯುವಾಗಿನ ಕೈಯಂತೆಯೇ ಇತ್ತು. ಅವಸರವಿಲ್ಲ, ತಡೆಯಿಲ್ಲ, ಎಣಿಕೆ ತಪ್ಪುವುದಿಲ್ಲ.

ಆದ್ದರಿಂದ ನಿಖರತೆಯ ಚಿಂತೆಯನ್ನು ತಮ್ಮ ಸದ್ಯಕ್ಕೆ ಬಿಡಲಿ. ಹಾರುವ ಬಿಲ್ಲೆಗೆ ನೂರಾರು ಛರ್ರೆ ಒಟ್ಟಿಗೆ ಹೋಗುತ್ತವೆ. ಪಿಸ್ತೂಲಿನ ಗುರಿ ಇಪ್ಪತ್ತೈದು ಗಜದೊಳಗಿರುತ್ತದೆ. ಗ್ರೇನಿನ ಹತ್ತನೇ ಪಾಲಿನ ವ್ಯತ್ಯಾಸ ಅಲ್ಲಿ ಕಾಣುವುದೇ ಇಲ್ಲ. ಕಾಣುವುದು ಎರಡು ದೊಡ್ಡ ತಪ್ಪುಗಳು ಮಾತ್ರ: ಮದ್ದೇ ಬೀಳದ ತೋಟಾ, ಎರಡು ಸಲ ಮದ್ದು ಬಿದ್ದ ತೋಟಾ. ಮದ್ದಿಲ್ಲದ್ದರಲ್ಲಿ ಕೇಪೊಂದೇ ಸಿಡಿದು ಗುಂಡನ್ನು ನಳಿಗೆಯ ಅರ್ಧಕ್ಕೆ ದಬ್ಬಿ ನಿಲ್ಲಿಸುತ್ತದೆ. 'ಫುಸ್' ಎಂಬ ಸಣ್ಣ ಸದ್ದು ಕೇಳಿಸುತ್ತದೆ. ಅದನ್ನು ಅಲಕ್ಷಿಸಿ ಮುಂದಿನದನ್ನು ಹೊಡೆದರೆ ನಳಿಗೆ ಸೀಳುತ್ತದೆ. ಎರಡು ಸಲ ಬಿದ್ದದ್ದಂತೂ ಮೊದಲ ಹೊಡೆತಕ್ಕೇ ಪಿಸ್ತೂಲನ್ನು ಚೂರು ಮಾಡಬಹುದು. ಪಿಸ್ತೂಲಿನ ತೋಟಾಗೆ ಬೇಕಾಗುವ ಮದ್ದು ಚಿಟಿಕೆಯಷ್ಟು. ಪಾಯಿಂಟ್ 38 ಸ್ಪೆಷಲ್‌ನಂಥ, ಕರಿಮದ್ದಿನ ಕಾಲದಿಂದ ಬಂದ ಉದ್ದನೆಯ ಕೋಶದಲ್ಲಿ ಅದು ತಳದಲ್ಲೆಲ್ಲೋ ಬಿದ್ದಿರುತ್ತದೆ. ಎರಡು ಪಾಲು ಬಿದ್ದರೂ ತುಂಬಿ ಹೊರಚೆಲ್ಲುವುದಿಲ್ಲ, ಇಣುಕಿ ನೋಡಿದವರಿಗೆ ಮಾತ್ರ ತಿಳಿಯುತ್ತದೆ.

ಇಲ್ಲಿ ಉಸ್ತಾದರ ಅಂಗಡಿಯ ಒಂದು ದಿನದ ಸಂಗತಿ ಹೇಳಬೇಕು. ಹಿತ್ತಾಳೆಯ ಹನ್ನೆರಡು ತೋಟಾಗಳನ್ನು ಸಾಲಾಗಿ ನಿಲ್ಲಿಸಿ ಮದ್ದು ಹಾಕುತ್ತಿದ್ದೆ. ಏಳನೆಯದೋ ಎಂಟನೆಯದೋ ಮುಗಿದಾಗ ಬಾಗಿಲಲ್ಲಿ ಯಾರೋ ಕರೆದರು, ಎದ್ದು ಹೋಗಿ ಎರಡು ಮಾತಾಡಿ ಬಂದೆ. ಬಂದವನು ಮುಂದಿನದಕ್ಕೆ ಚಮಚ ಸುರಿದೆ. ಸಂಜೆ ಊರಾಚೆಯ ಕಲ್ಲುಕ್ವಾರಿಯಲ್ಲಿ ಉಸ್ತಾದರು ಪರೀಕ್ಷೆಗೆಂದು ಹೊಡೆದಾಗ ಒಂಬತ್ತನೆಯದು 'ಫುಸ್' ಎಂದಿತು. ಅವರು ಬಂದೂಕನ್ನು ನೆಲದ ಕಡೆ ತಿರುಗಿಸಿ ತುಸು ಹೊತ್ತು ಹಾಗೆಯೇ ನಿಂತರು, ಆಮೇಲೆ ನಳಿಗೆ ಮಡಚಿ ತೋಟಾ ತೆಗೆದು, ಒಳಗೆ ಬೆಳಕು ಹಾಯಿಸಿ ನೋಡಿದರು. ಉಣ್ಣೆಯ ಬಿಲ್ಲೆ ನಡುದಾರಿಯಲ್ಲಿ ಸಿಕ್ಕಿಕೊಂಡಿತ್ತು. ನನಗೆ ಒಂದು ಮಾತನ್ನೂ ಅನ್ನಲಿಲ್ಲ. ಮರುದಿನ ಅಂಗಡಿ ತೆರೆದ ಮೇಲೆ ಖಾಲಿ ತೋಟಾಗಳನ್ನೆಲ್ಲ ಬಾಯಿ ಕೆಳಗೆ ಮಾಡಿ ಹಲಗೆಯ ಮೇಲೆ ಜೋಡಿಸಿದರು. ಒಂದನ್ನು ಎತ್ತಿದರು, ಬಾಯಿ ಮೇಲೆ ಮಾಡಿದರು, ಮದ್ದು ಸುರಿದರು, ಹಲಗೆಯ ಇನ್ನೊಂದು ಬದಿಗೆ ಇಟ್ಟರು. 'ಬಾಯಿ ಕೆಳಗಿದ್ದರೆ ಖಾಲಿ, ಮೇಲಿದ್ದರೆ ತುಂಬಿದ್ದು. ಈಗ ಯಾರು ಬೇಕಾದರೂ ಕರೆಯಲಿ' ಎಂದರು. ಅಂದಿನಿಂದ ಇಂದಿನವರೆಗೆ ನಾನು ಆ ಪದ್ಧತಿ ತಪ್ಪಿಸಿಲ್ಲ. ಮದ್ದು ಹಾಕಿದ ಮೇಲೆ ಅವರು ಇಡೀ ಹಲಗೆಯನ್ನು ಕಿಟಕಿಯ ಬಳಿಗೆ ಒಯ್ದು ಓರೆಬೆಳಕಿನಲ್ಲಿ ಎಲ್ಲ ಬಾಯಿಗಳನ್ನೂ ಒಂದೇ ನೋಟದಲ್ಲಿ ನೋಡುತ್ತಿದ್ದರು. ಒಂದರಲ್ಲಿ ಮದ್ದಿನ ಮಟ್ಟ ತಗ್ಗಿದ್ದರೂ ಏರಿದ್ದರೂ ನೆರೆಯವುಗಳ ನಡುವೆ ಅದು ತಾನಾಗಿ ಎದ್ದು ಕಾಣುತ್ತದೆ.

ಆ ಓರೆಬೆಳಕಿನ ನೋಟ ಸಿಂಗಲ್ ಸ್ಟೇಜ್ ಪ್ರೆಸ್‌ನಲ್ಲಿ ಇದೆ. ಐವತ್ತು ತೂತಿನ ಹಲಗೆ, ಒಂದು ಟಾರ್ಚ್, ಅರ್ಧ ನಿಮಿಷ ಸಾಕು. ಪ್ರೋಗ್ರೆಸಿವ್‌ನಲ್ಲಿ ಅದು ಇಲ್ಲ. ಮದ್ದು ಬಿದ್ದ ಕೋಶ ಮುಂದಿನ ಎಳೆತಕ್ಕೆ ಗುಂಡಿನ ಕೆಳಗೆ ಮರೆಯಾಗುತ್ತದೆ, ನೋಡಲು ಸಿಗುವುದು ಒಂದು ಗಳಿಗೆ ಮಾತ್ರ. ನಾನೂರು ಸಲ ಆ ಒಂದೊಂದು ಗಳಿಗೆಯನ್ನೂ ತಪ್ಪಿಸದೆ ನೋಡಬಲ್ಲವನು ಪ್ರೋಗ್ರೆಸಿವ್ ಕೊಳ್ಳಲಿ. ಇನ್ನೂ ಒಂದು ವ್ಯತ್ಯಾಸ ನನ್ನ ಮಟ್ಟಿಗೆ ದೊಡ್ಡದು. ಕೈಯ ತಪ್ಪು ಒಂಟಿಯಾಗಿ ಬರುತ್ತದೆ, ಯಂತ್ರದ ತಪ್ಪು ಹಿಂಡಾಗಿ ಬರುತ್ತದೆ. ಮದ್ದಿನ ಅಳತೆಯ ತಿರುಪು ಒಂದು ಸಡಿಲವಾಯಿತೆಂದರೆ ಅಲ್ಲಿಂದ ಮುಂದೆ ಬಂದ ಇನ್ನೂರೂ ಕೆಟ್ಟವೇ. ಅವನ್ನೆಲ್ಲ ಒಡೆದು ಬಿಚ್ಚಬೇಕು. ಅದಕ್ಕೆ ಹಿಡಿಯುವ ಸಮಯ ತುಂಬಿದ್ದಕ್ಕಿಂತ ಹೆಚ್ಚು.

ಹಾಗೆಂದು ಯಂತ್ರ ಕೆಟ್ಟದ್ದು ಎಂದು ನಾನು ಹೇಳುವುದಿಲ್ಲ, ಅಪ್ಪನಿಗೂ ಹಾಗೆ ಹೇಳಬೇಡಿ. ವಾರಕ್ಕೆ ಐನೂರು ಪಿಸ್ತೂಲು ತೋಟಾ ಹೊಡೆಯುವವನಿಗೆ ಕೈಕೆಲಸ ಐದರಿಂದ ಹತ್ತು ಗಂಟೆ ತಿನ್ನುತ್ತದೆ. ಆರನೆಯ ಗಂಟೆಯಲ್ಲಿ ಕಣ್ಣು ನೋಡುತ್ತದೆ, ಮನಸ್ಸು ನೋಡುವುದಿಲ್ಲ. ದಣಿದ ಕೈಗಿಂತ ಚೆನ್ನಾಗಿ ಹೊಂದಿಸಿದ ಯಂತ್ರ ಎಷ್ಟೋ ಮೇಲು. ಒಳ್ಳೆಯ ಪ್ರೋಗ್ರೆಸಿವ್‌ಗಳಲ್ಲಿ ಮದ್ದಿನ ಮಟ್ಟ ತಪ್ಪಿದರೆ ಶಿಳ್ಳೆ ಹಾಕುವ ಅಥವಾ ಹಿಡಿಕೆಯನ್ನೇ ತಡೆಯುವ ಡೈ ಕೂರಿಸಬಹುದು, ಆ ಖರ್ಚಿಗೆ ಜಿಪುಣತನ ಬೇಡ. ಡಿಲನ್ ಕಂಪನಿಯ 550 ಮಾದರಿಯಲ್ಲಿ ತಟ್ಟೆಯನ್ನು ಕೈಯಿಂದಲೇ ತಿರುಗಿಸಬೇಕು, ಅದರ ದೊಡ್ಡ ಮಾದರಿಗಳಲ್ಲಿ ತಾನೇ ತಿರುಗುತ್ತದೆ. ಕೈಯಿಂದ ತಿರುಗಿಸುವುದರಲ್ಲಿ ಮರೆತು ಎರಡು ಸಲ ಮದ್ದು ಹಾಕುವ ಅಪಾಯವಿದೆ. ತಾನೇ ತಿರುಗುವುದರಲ್ಲಿ ಆ ಅಪಾಯ ಕಡಿಮೆ, ಆದರೆ ಎಲ್ಲೋ ಸಿಕ್ಕಿಕೊಂಡಾಗ ಗಾಬರಿಯಿಂದ ಹಿಡಿಕೆಯನ್ನು ಅರ್ಧ ಎತ್ತಿ ಇಳಿಸಿದರೆ ಅಲ್ಲಿಯೂ ಅದೇ ಕತೆ. ನಿಯಮ ಒಂದೇ: ಯಂತ್ರ ಸಿಕ್ಕಿಕೊಂಡಿತು ಎಂದರೆ ತಟ್ಟೆಯ ಮೇಲಿನ ಎಲ್ಲ ಕೋಶಗಳನ್ನೂ ತೆಗೆದು ಖಾಲಿ ಮಾಡಿ ಮೊದಲಿನಿಂದ ಆರಂಭಿಸಬೇಕು. ಕೇಪು ಕೂರದೆ ಅಡ್ಡಾದರೆ ಬಲ ಹಾಕಿ ಒತ್ತಬಾರದು. ಯಂತ್ರದ ಕೊಳವೆಯಲ್ಲಿ ನೂರರಷ್ಟು ಕೇಪುಗಳು ಒಂದರ ಮೇಲೊಂದು ಕುಳಿತಿರುತ್ತವೆ. ಒಂದು ಸಿಡಿದರೆ ಇಡೀ ಸಾಲು ಸಿಡಿಯಬಲ್ಲದು. ಕನ್ನಡಕವಿಲ್ಲದೆ ಆ ಬೆಂಚಿನ ಮುಂದೆ ಕೂರಲೇಬಾರದು.

ತಮ್ಮನಿಗೆ ನನ್ನ ಸಲಹೆ ಹೀಗಿದೆ. ಬಿಲ್ಲೆ ಹೊಡೆಯುವ ಹನ್ನೆರಡು ಬೋರಿಗೆ ಮೆಕ್ ಕಂಪನಿಯ 600 ಜೂನಿಯರ್ ಕೊಳ್ಳಲಿ. ಒಮ್ಮೆಗೆ ಒಂದೇ ತೋಟಾ, ಆದರೆ ಕೋಶವನ್ನು ಒಂದು ಮನೆಯಿಂದ ಇನ್ನೊಂದಕ್ಕೆ ಸರಿಸುತ್ತಾ ಹೋಗುವುದರಿಂದ ಸಾಕಷ್ಟು ಬೇಗ ಆಗುತ್ತದೆ. ಬಿಲ್ಲೆಯ ಆಟದಲ್ಲಿ ಒಂದು ಸುತ್ತಿಗೆ ಇಪ್ಪತ್ತೈದು ಬಿಲ್ಲೆ. ಶನಿವಾರ ನಾಲ್ಕು ಸುತ್ತು ಆಡಿದರೂ ನೂರು ತೋಟಾ, ಒಂದೆರಡು ಸಂಜೆಯ ಕೆಲಸ. ಪಿಸ್ತೂಲಿಗೆ ಮೊದಲ ವರ್ಷ ಸಿಂಗಲ್ ಸ್ಟೇಜ್ ಸಾಕು. ಮೊದಲ ಸಾವಿರವನ್ನು ಅದರಲ್ಲೇ ತುಂಬಲಿ. ಕೋಶ ಡೈಯೊಳಗೆ ಹೋಗುವಾಗ ಎಷ್ಟು ಬಿಗಿ ಇರಬೇಕು, ಕೇಪು ಕೂತಾಗ ಅಂಗೈಗೆ ಏನು ತಿಳಿಯುತ್ತದೆ ಎಂಬುದೆಲ್ಲ ಅಲ್ಲಿಯೇ ಕಲಿಯಬೇಕು. ಆ ಅರಿವು ಕೈಗೆ ಬಂದವನು ಪ್ರೋಗ್ರೆಸಿವ್‌ಗೆ ಹೋದರೆ, ಹಿಡಿಕೆ ಕೂದಲೆಳೆಯಷ್ಟು ಬೇರೆಯಾಗಿ ಮಿಸುಕಿದರೂ ನಿಲ್ಲಿಸುತ್ತಾನೆ. ನೇರ ಪ್ರೋಗ್ರೆಸಿವ್‌ಗೆ ಹೋದವನಿಗೆ ಎಲ್ಲ ಎಳೆತವೂ ಒಂದೇ. ಮದ್ದಿನ ಪ್ರಮಾಣವನ್ನು ಮದ್ದು ತಯಾರಿಸಿದ ಕಂಪನಿಯ ಪುಸ್ತಕದಿಂದಲೇ ತೆಗೆದುಕೊಳ್ಳಲಿ, ಅದರಲ್ಲಿ ಹೇಳಿದ ಕನಿಷ್ಠದಿಂದ ಆರಂಭಿಸಲಿ, ಗೆಳೆಯರ ಬಾಯಿಮಾತಿನಿಂದ ಬೇಡ. ಎರಡು ಪಾಲು ಬಿದ್ದರೆ ಕೋಶ ತುಂಬಿ ಹೊರಚೆಲ್ಲುವಂಥ, ಹೆಚ್ಚು ಜಾಗ ತಿನ್ನುವ ಮದ್ದನ್ನು ಆರಿಸಿಕೊಳ್ಳಲಿ. ಬೆಂಚಿನ ಮೇಲೆ ಒಂದು ಸಲಕ್ಕೆ ಒಂದೇ ಮದ್ದಿನ ಡಬ್ಬಿ ಇರಲಿ. ಮೊಬೈಲ್ ಇನ್ನೊಂದು ಕೋಣೆಯಲ್ಲಿರಲಿ, ನೀವೂ ಆ ಹೊತ್ತಿಗೆ ಅವನಿಗೆ ಫೋನ್ ಮಾಡಬೇಡಿ. ಕೆಲಸ ಮುಗಿದ ಮೇಲೆ ಸೋಪಿನಿಂದ ಕೈ ತೊಳೆಯದೆ ಮಕ್ಕಳನ್ನು ಎತ್ತಿಕೊಳ್ಳದಿರಲಿ. ಸುಟ್ಟ ಕೇಪಿನ ಧೂಳಿನಲ್ಲಿ ಸೀಸ ಇರುತ್ತದೆ.

ತುಂಬುವುದರಷ್ಟೇ ಮುಖ್ಯವಾದದ್ದು ಇಡುವುದು. ಟೆಕ್ಸಾಸಿನ ಬೇಸಿಗೆ ನಮ್ಮ ಕಲಬುರಗಿಯ ಮೇ ತಿಂಗಳಿನಂತೆಯೇ ಸುಡುತ್ತದೆ. ಮದ್ದನ್ನು ಕಾರು ನಿಲ್ಲಿಸುವ ತಗಡಿನ ಕೋಣೆಯಲ್ಲಿ ಇಡದೆ, ಕಂಪನಿಯ ಮೂಲ ಡಬ್ಬಿಯಲ್ಲೇ ಮನೆಯ ತಂಪು ಜಾಗದಲ್ಲಿ ಇಡಲಿ. ಬಿಸಿಯಲ್ಲಿ ಹೊಗೆಯಿಲ್ಲದ ಮದ್ದು ಕೆಡುತ್ತದೆ. ಮುಚ್ಚಳ ತೆರೆದಾಗ ಹುಳಿಯಾದ, ಮೂಗಿಗೆ ಚುಚ್ಚುವ ವಾಸನೆ ಬಂದರೆ, ಕೆಂಗಂದು ಪುಡಿಯೋ ಹೊಗೆಯೋ ಕಂಡರೆ ಅದರ ಆಯುಷ್ಯ ಮುಗಿದಿದೆ. ಕೆಲಸ ಮಾಡುವ ಜಾಗದಲ್ಲಿ ಆ ದಿನಕ್ಕೆ ಬೇಕಾದಷ್ಟೇ ಇರಬೇಕು. ಈ ಮಾತು ಬಂದಾಗಲೆಲ್ಲ ನನಗೆ ಬೀದರ್ ಕೋಟೆ ಕಣ್ಣಿಗೆ ಬರುತ್ತದೆ. 1657ರಲ್ಲಿ ಔರಂಗಜೇಬ ಅದನ್ನು ಮುತ್ತಿದಾಗ ಬಿಜಾಪುರದ ಪರವಾಗಿ ಕೋಟೆ ಕಾಯುತ್ತಿದ್ದವನು ಸಿದ್ದಿ ಮರ್ಜಾನ್. ಸುಮಾರು ನಾಲ್ಕು ವಾರ ಹಿಡಿದು ನಿಂತ. ಕೊನೆಗೆ ಒಂದು ಬುರುಜಿನ ಹಿಂದೆ, ಕಾದಾಟಕ್ಕೆ ಕೈಗೆ ಸಿಗಲೆಂದು ಕೂಡಿಟ್ಟಿದ್ದ ಮದ್ದು ಮತ್ತು ಕೈಬಾಂಬುಗಳ ರಾಶಿಗೆ ಮೊಘಲರು ಹಾರಿಸಿದ ಅಗ್ನಿಬಾಣದ (ರಾಕೆಟ್ಟಿನ) ಕಿಡಿಯೊಂದು ಬಿತ್ತು. ಮರ್ಜಾನ್ ಮತ್ತು ಅವನ ಇಬ್ಬರು ಮಕ್ಕಳಿಗೆ ಮೈಯೆಲ್ಲ ಸುಟ್ಟ ಗಾಯಗಳಾದವು, ಕೋಟೆ ಕೈಬಿಟ್ಟಿತು, ಆ ಗಾಯದಿಂದಲೇ ಅವನು ತೀರಿಕೊಂಡ. ಬೇಗ ತುಂಬಿ ಬೇಗ ಹೊಡೆಯಬೇಕೆಂದು ಮದ್ದನ್ನು ಹತ್ತಿರ ತಂದುಕೊಂಡವರಿಗೆ ಒದಗಿದ ಗತಿ ಅದು. ಹಮ್ನಾಬಾದ್ ಕಡೆಗೆ ಹೋದಾಗಲೆಲ್ಲ ಸಮಯವಿದ್ದರೆ ಆ ಕೋಟೆಗೆ ಹೋಗಿ ಬುರುಜುಗಳ ಹಿಂದೆ ಸ್ವಲ್ಪ ಹೊತ್ತು ನಿಂತು ಬರುತ್ತೇನೆ.

ಅಪ್ಪ ಹೇಳಿದ್ದರಲ್ಲಿ ನಿಜವಿದೆ, ಅದಕ್ಕೆ ಕಾರಣವನ್ನೂ ಹೇಳುತ್ತೇನೆ. ಮುತ್ಯಾ ವರ್ಷಕ್ಕೆ ಎಷ್ಟು ತುಂಬುತ್ತಿದ್ದಿರಬಹುದು? ತೊಗರಿ ಹೊಲಕ್ಕೆ ಬರುವ ಹಂದಿಯನ್ನು ಬೆದರಿಸಲು, ಹಬ್ಬಕ್ಕೊಮ್ಮೆ ಗಾಳಿಯಲ್ಲಿ ಹಾರಿಸಲು, 1972ರ ವನ್ಯಜೀವಿ ಕಾಯ್ದೆ ಬರುವ ಮುಂಚಿನ ಮಾತಾದರೆ ಬೇಟೆಗೆ, ಎಲ್ಲ ಸೇರಿ ಐವತ್ತೋ ಅರವತ್ತೋ. ಪೇಟೆಯ ತೋಟಾ ದುಬಾರಿ, ತರಲು ದೂರ ಹೋಗಬೇಕು. ಊಟವಾದ ಮೇಲೆ ಪಡಸಾಲೆಯಲ್ಲಿ ಕುಳಿತು ಒಂದೊಂದನ್ನೇ ತಿರುಗಿಸಿ, ಬಾಯೊಳಗೆ ಇಣುಕಿ, ರಟ್ಟನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ ಇಟ್ಟಿರುತ್ತಾರೆ. ಅಷ್ಟು ಕಡಿಮೆಗೆ ಅಷ್ಟು ನಿಗಾ ಕೊಟ್ಟರೆ ಹುಸಿ ಹೋಗುವುದು ಅಪರೂಪವೇ. ಈಗ ನಿಮ್ಮ ಬಂದೂಕಿಗೆ ಬೇಕಾಗುವುದು ಅದಕ್ಕಿಂತಲೂ ಕಡಿಮೆ. ಪುಣೆಯ ಖಡ್ಕಿಯ ಮದ್ದುಗುಂಡು ಕಾರ್ಖಾನೆಯ ಹನ್ನೆರಡು ಬೋರಿನ ತೋಟಾ ಲೈಸೆನ್ಸ್ ಇರುವ ಅಂಗಡಿಯಲ್ಲಿ ಸಿಗುತ್ತದೆ, ಪುಸ್ತಕದಲ್ಲಿ ಬರೆಸಿ ತರಬಹುದು. ಹೊಸ ತೋಟಾ ಹಾಕುವ ಮೊದಲು ಬಂದೂಕನ್ನೊಮ್ಮೆ ಲೈಸೆನ್ಸ್ ಇರುವ ದುರಸ್ತಿಗಾರರಿಗೆ ತೋರಿಸಿ. ನಳಿಗೆಯ ಮೈಮೇಲೆ ಕಟ್ಟಿಗೆಯ ಎಳೆಯಂಥ, ಹೆಣೆದಂಥ ಗೆರೆಗಳು ಕಂಡರೆ ಅದು ಕಬ್ಬಿಣ ಉಕ್ಕಿನ ಪಟ್ಟಿಗಳನ್ನು ಸುತ್ತಿ ಬೆಸೆದ ಹಳೆಯ ನಳಿಗೆ, ಕರಿಮದ್ದಿನ ಕಾಲದ್ದು. ಅದರಲ್ಲಿ ಈಗಿನ ತೋಟಾ ಹಾಕಲೇಬಾರದು. ನೀವು ಕಳಿಸಿದ ಫೋಟೋದಲ್ಲಿ ಬಂದೂಕು ಕಾಣಿಸುತ್ತಿಲ್ಲ. ಠಾಣೆಯ ಕೆಲಸ ಮುಗಿದ ಮೇಲೆ, ನಳಿಗೆಯ ಬುಡದಲ್ಲಿ ಒತ್ತಿರುವ ಮುದ್ರೆಗಳು ಸ್ಪಷ್ಟವಾಗಿ ಕಾಣುವಂತೆ ಹಗಲು ಬೆಳಕಿನಲ್ಲಿ ಒಂದು ಫೋಟೋ ತೆಗೆದು ಕಳಿಸಿ. ಅದು ಯಾವ ಮದ್ದಿಗೆ ಪರೀಕ್ಷೆಯಾದ ನಳಿಗೆ ಎಂಬುದನ್ನು ಆ ಮುದ್ರೆ ನೋಡಿ ಹೇಳುತ್ತೇನೆ.